ಗೆಳತಿ ಜೊತೆ ಜಪಾನು: ಊಟ ಒಟ್ಟಿಗೆ, ಅಂಗಡಿ ಬೇರೆ ಬೇರೆ

ದುರ್ಗದ ಗೆಳತಿಯ ಜೊತೆ ಜಪಾನಿಗೆ ಹೋಗಿ ಬಂದೆ ಅಂತ ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೇ ತಡ, ಪತ್ರಗಳು ಬರತೊಡಗಿದವು. ಫ್ಯೂಜಿ ಪರ್ವತದ ಬಗ್ಗೆ ಕೇಳಿದವರು ಯಾರೂ ಇಲ್ಲ. ಎಲ್ಲರಿಗೂ ಬೇಕಾದದ್ದು ಎರಡೇ: ಅಲ್ಲಿ ಏನು ತಿಂದಿರಿ, ಅಲ್ಲಿಂದ ಏನು ತಂದಿರಿ. ಕೆಲವು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಮೊಟ್ಟೆಯನ್ನೂ ಮುಟ್ಟದವಳು. ಜೊತೆಗೆ ಬರುವ ಗೆಳತಿಗೆ ಮೀನು ಅಂದರೆ ಪ್ರಾಣ. ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ಊಟ ಮಾಡಲು ಆಗುತ್ತಾ? ಇಲ್ಲಾ ನಾನು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ರೂಮಿನಲ್ಲೇ ಕೂರಬೇಕಾ?
— ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ರೂಮಿನಲ್ಲಿ ಕೂರಬೇಡಿ ತಾಯಿ, ಅಷ್ಟು ದೂರ ಹೋಗಿ! ನಮ್ಮ ಜೋಡಿಯೂ ಹೀಗೇ ಇತ್ತು. ಅವಳು ನೀರಲ್ಲಿ ಈಜುವುದನ್ನೆಲ್ಲ ತಿನ್ನುತ್ತಾಳೆ, ನಾನು ನಿಮ್ಮ ಹಾಗೆ. ಆದರೂ ರಾತ್ರಿ ಊಟ ಒಟ್ಟಿಗೇ ಆಗಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು.

ಮೀನಿನ ತುಂಡು ಕಣ್ಣಿಗೆ ಕಾಣುತ್ತದೆ, ಅದರಿಂದ ತೊಂದರೆ ಇಲ್ಲ. ಕಾಣದೇ ಇರುವುದು ದಾಶಿ. ಕತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಆಮೇಲೆ ಅದನ್ನು ತೆಳ್ಳಗೆ ಹೆರೆದು, ಕೊಂಬು ಅನ್ನುವ ಸಮುದ್ರದ ಸೊಪ್ಪಿನ ಜೊತೆ ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಆಯಿತು. ಹುದುಗಿಸಿದ ಸೋಯಾ ಕಾಳಿನ ಮಿಸೊ ಸೂಪು, ಉಡಾನ್, ಸೋಬಾ ಅನ್ನುವ ನೂಡಲ್ಸ್, ಬೇಯಿಸಿದ ಕುಂಬಳಕಾಯಿ, ಮೂಲಂಗಿ, ಎಲ್ಲದರಲ್ಲೂ ಇದು ಇರುತ್ತದೆ. ತಣ್ಣಗಿನ ಸೋಬಾ ಜೊತೆ ಅದ್ದಿಕೊಳ್ಳಲು ಒಂದು ಕಂದು ರಸ ಕೊಡುತ್ತಾರಲ್ಲ, ಅದರಲ್ಲೂ.

ಹಾಗಾಗಿ "ವೆಜಿಟೇರಿಯನ್" ಅಂತ ಹೇಳಿ ಸುಮ್ಮನೆ ಕೂರಬೇಡಿ. ಬಡಿಸುವ ಹುಡುಗ ನಗುತ್ತಾ ತಲೆಯಾಡಿಸಿ ಮಿಸೊ ಸೂಪು ತಂದಿಡುತ್ತಾನೆ. ಮೋಸ ಮಾಡಬೇಕು ಅಂತಲ್ಲ, ಅವನ ಲೆಕ್ಕದಲ್ಲಿ ಅದರಲ್ಲಿ ಮೀನೇ ಇಲ್ಲ. "ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮೀನಿನ ದಾಶಿಯೂ ಬೇಡ" ಅಂತ ಜಪಾನಿ ಭಾಷೆಯಲ್ಲಿ ಬರೆಸಿ ಒಂದು ಚೀಟಿ ಪ್ರಿಂಟ್ ತೆಗೆಸಿಕೊಳ್ಳಿ. ಕೂರುವ ಮೊದಲೇ, ಬಾಗಿಲಲ್ಲೇ ತೋರಿಸಿ. ಅವರು ಎರಡು ಕೈ ಅಡ್ಡ ಮಾಡಿ ಕತ್ತರಿ ಹಾಕಿ ತೋರಿಸಿದರೆ ಆಗುವುದಿಲ್ಲ ಅಂತ ಅರ್ಥ. ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಅಂಗಡಿಗೆ ನಡೆಯಿರಿ.

ನಿಮ್ಮಂಥ ಜೋಡಿಗೆ ಹೇಳಿ ಮಾಡಿಸಿದ್ದು ಅಂದರೆ ತಟ್ಟೆಗಳು ಬೆಲ್ಟಿನ ಮೇಲೆ ಬರುವ ಸುಶಿ ಹೋಟೆಲು. ಮುಂದೆ ಪರದೆ ಇರುತ್ತದೆ, ಚಿತ್ರ ನೋಡಿ ಒತ್ತಿದರೆ ಸಾಕು. ಗೆಳತಿ ಮೀನಿನ ಪುಟದಲ್ಲಿ ಮುಳುಗಿರಲಿ. ನಿಮಗೆ ಕಪ್ಪಾ ಮಾಕಿ, ಅಂದರೆ ಸೌತೆಕಾಯಿ ಇಟ್ಟು ಸುತ್ತಿದ ಅನ್ನದ ಸುರುಳಿ. ಜೊತೆಗೆ ಉಪ್ಪು ಹಾಕಿ ಬೇಯಿಸಿದ ಎಡಮಾಮೆ, ಹಸಿ ಸೋಯಾ ಕಾಯಿ. ಇನಾರಿ ಅಂತ ಒಂದಿದೆ, ತೋಫು ಚೀಲದೊಳಗೆ ಅನ್ನ ತುಂಬಿದ್ದು, ನೋಡಲು ಬಲು ಸಾಧು. ಆ ಚೀಲವನ್ನು ಎಷ್ಟೋ ಕಡೆ ದಾಶಿಯಲ್ಲೇ ಬೇಯಿಸಿರುತ್ತಾರೆ, ಕೇಳಿಯೇ ತಿನ್ನಿ. ಟೇಬಲ್ಲಿನಲ್ಲೇ ಬಿಸಿನೀರಿನ ನಲ್ಲಿ, ಗ್ರೀನ್ ಟೀ ಪುಡಿ ಇಟ್ಟಿರುತ್ತಾರೆ. ಅದಕ್ಕೆ ದುಡ್ಡಿಲ್ಲ. ನಮ್ಮವಳು ಆ ನಲ್ಲಿಯನ್ನು ಕೈ ತೊಳೆಯುವುದಕ್ಕೆ ಅಂದುಕೊಂಡು ಬೆರಳು ಚಾಚಿದ್ದಳು. ತಡೆದೆ. ಕುದಿಯುವ ನೀರು ಅದು, ನಿಮ್ಮವರಿಗೂ ಮೊದಲೇ ಹೇಳಿಡಿ.

ಟೋಕಿಯೋ ಸ್ಟೇಷನ್ನಿನಲ್ಲಿ ಟಿಕೆಟ್ ಗೇಟಿನ ಒಳಗಡೆ, ಕೇಯೋ ಲೈನಿನ ಕಡೆಗೆ ಹೋಗುವ ದಾರಿಯಲ್ಲಿ ಟೀಸ್ ತಾನ್‌ತಾನ್ ಅಂತ ಒಂದು ಹೋಟೆಲಿದೆ. ಅಲ್ಲಿ ಮಾಂಸ, ಮೀನು, ಹಾಲು, ಮೊಟ್ಟೆ ಯಾವುದೂ ಇಲ್ಲ. ಎಳ್ಳಿನ ಖಾರದ ರಾಮೆನ್ ನೂಡಲ್ಸ್ ಅವರ ವಿಶೇಷ. ಮೀನುಪ್ರಿಯೆ ಗೆಳತಿ ಬೌಲ್ ಎತ್ತಿ ಕೊನೆಯ ಹನಿ ಕುಡಿದಳು, ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಇನ್ನೊಂದು ಜಾಗವನ್ನು ಬಿಡಲೇಬೇಡಿ: ಕೋಯಾಸಾನ್. ಸುಮಾರು 1200 ವರ್ಷದ ಹಿಂದೆ ಕೂಕೈ ಅನ್ನುವ ಬೌದ್ಧ ಗುರು ಕಟ್ಟಿದ ಬೆಟ್ಟದ ಮೇಲಿನ ಊರು. ಒಸಾಕಾದ ನಂಬಾದಿಂದ ನಾಂಕಾಯ್ ರೈಲು, ಕೊನೆಗೆ ಕೇಬಲ್ ಕಾರು. ಅಲ್ಲಿನ ಮಠಗಳಲ್ಲಿ ರಾತ್ರಿ ಉಳಿಯಬಹುದು, ಊಟ ಅವರದೇ. ಶೋಜಿನ್ ರ್ಯೋರಿ ಅನ್ನುವ ಈ ಮಠದೂಟದಲ್ಲಿ ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಾಶಿಯನ್ನು ಕೊಂಬು, ಒಣಗಿದ ಅಣಬೆಯಿಂದ ಮಾಡುತ್ತಾರೆ. ಎಳ್ಳನ್ನು ಅರೆದು, ಕುದಿಸಿ, ಹೆಪ್ಪುಗಟ್ಟಿಸಿದ ಗೋಮಾ ತೋಫು ಬಾಯಲ್ಲಿಟ್ಟರೆ ಕರಗುತ್ತದೆ. ಕೆಂಪು, ಕಪ್ಪು ಬಣ್ಣದ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಸ್ವಲ್ಪ ಸ್ವಲ್ಪ ಬರುತ್ತದೆ. ಒಂದೇ ತಕರಾರು: ಸಂಜೆ ಆರಕ್ಕೆಲ್ಲ ಬಡಿಸಿಬಿಡುತ್ತಾರೆ. ಒಂಬತ್ತಕ್ಕೆ ಮತ್ತೆ ಹಸಿವು.

ಆ ಒಂಬತ್ತರ ಹಸಿವಿಗೆ ರೊಟ್ಟಿ ಬೇಕೇ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು ಮಾತ್ರ ಬೇಡ, ಏರ್‌ಪೋರ್ಟಿನ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಸಿಹಿ ಬೇಕಾದರೆ ದೈಫುಕು ಕೊಳ್ಳಿ. ಮೇಲೆ ಅಕ್ಕಿಯ ಮೆತ್ತನೆ ಹಿಟ್ಟು, ಒಳಗೆ ಕೆಂಪು ಅಝುಕಿ ಕಾಳಿನ ಹೂರಣ. ದೋರಯಾಕಿಯಲ್ಲೂ ಅದೇ ಹೂರಣ, ಆದರೆ ಹೊರಗಿನ ದೋಸೆಗೆ ಮೊಟ್ಟೆ ಹಾಕಿರುತ್ತಾರೆ.

ಪ್ರಶ್ನೆ: ನನ್ನ ಗೆಳತಿ ಅಂಗಡಿ ಹೊಕ್ಕರೆ ಹೊರಗೆ ಬರುವ ಮಾತೇ ಇಲ್ಲ. ಮೈಸೂರಿಗೆ ಹೋದಾಗಲೇ ಜಗಳ ಆಗಿತ್ತು. ಜಪಾನಿನಲ್ಲಿ ಹತ್ತು ದಿನ ಹೇಗೆ ಸುಧಾರಿಸಲಿ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸುಧಾರಿಸಬೇಡಿ, ಬಿಟ್ಟುಬಿಡಿ. ಗೆಳತಿಯರು ಜೊತೆಗೆ ತಿರುಗಬೇಕು, ಜೊತೆಗೆ ಉಣ್ಣಬೇಕು. ಶಾಪಿಂಗ್ ಮಾತ್ರ ಬೇರೆ ಬೇರೆ ಮಾಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಜಪಾನು ಅದಕ್ಕೆ ಸರಿಯಾದ ದೇಶ, ಒಂಟಿ ಹೆಂಗಸು ರಾತ್ರಿ ಒಂಬತ್ತಕ್ಕೆ ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ.

ನಾನು ಮಿಲ್ಲಿನ ಊರಿನವಳು. ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಬಟ್ಟೆ ಕಂಡರೆ ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡದೆ ಮುಂದೆ ಹೋಗುವವಳಲ್ಲ. ನನ್ನ ಗೆಳತಿಗೆ ಪಾತ್ರೆ, ಚಾಕು. "ನೀ ಹಿಂಗೆ ಬಟ್ಟೆ ಹಿಡ್ಕೊಂಡು ನಿಂತ್ರೆ ನನ್ನ ಕಾಲು ಬಿದ್ದೋಗ್ತವೆ ಕಣೇ" ಅಂದಳು. ಸರಿ, ಅವಳನ್ನು ಕಪ್ಪಾಬಾಶಿಗೆ ಕಳಿಸಿದೆ. ಟೋಕಿಯೋದ ಉಯೆನೊ, ಅಸಾಕುಸಾ ನಡುವೆ ಇರುವ ಬೀದಿ ಅದು, ಹೋಟೆಲಿನವರಿಗೆ ಬೇಕಾದ ಸಾಮಾನೆಲ್ಲ ಒಂದೇ ಕಡೆ. ಮೂಲೆಯ ಕಟ್ಟಡದ ಮೇಲೆ ಬಿಳಿ ಟೋಪಿ ಹಾಕಿದ ಅಡುಗೆಯವನ ದೊಡ್ಡ ತಲೆ ಕೂತಿದೆ, ಗುರುತು ಸುಲಭ. ಹೋಟೆಲುಗಳ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಪ್ಲಾಸ್ಟಿಕ್ ಊಟವನ್ನೂ ಅಲ್ಲೇ ಮಾರುತ್ತಾರೆ. ಭಾನುವಾರ ಮುಚ್ಚುವ ಅಂಗಡಿಗಳು ಜಾಸ್ತಿ, ನೋಡಿಕೊಂಡು ಹೋಗಿ.

ಮತ್ತೆ ಸೇರುವ ಜಾಗವನ್ನು ಮಾತ್ರ ಸರಿಯಾಗಿ ಗೊತ್ತು ಮಾಡಿಕೊಳ್ಳಿ. "ಸ್ಟೇಷನ್ ಹತ್ರ ಸಿಗ್ತೀನಿ" ಅನ್ನುವುದು ನಮ್ಮ ದುರ್ಗದಲ್ಲಿ ನಡೆಯುತ್ತದೆ. ಶಿಂಜುಕು ಸ್ಟೇಷನ್ನಿಗೆ ಇನ್ನೂರಕ್ಕೂ ಜಾಸ್ತಿ ದ್ವಾರಗಳಿವೆ. ದ್ವಾರದ ಹೆಸರು ಹೇಳಿ, ಬೋರ್ಡಿನ ಫೋಟೋ ಕಳಿಸಿ.

ಪ್ರಶ್ನೆ: ಗೆಳೆಯನೊಬ್ಬ ಜಪಾನಿಗೆ ಹೊರಟಿದ್ದಾನೆ. ಅಲ್ಲಿನ ರೈಸ್ ಕುಕ್ಕರ್ ಬಹಳ ಚೆನ್ನಾಗಿರುತ್ತದಂತೆ. ನಮ್ಮ ತಾಯಿಗೆ ಒಂದು ತರಿಸಲೇ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಬೇಡ. ಜಪಾನಿನ ಮನೆಗಳ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿನ ಸಾಮಾನ್ಯ ಕುಕ್ಕರನ್ನು ಇಲ್ಲಿ ನೇರ ಸಿಕ್ಕಿಸಿದರೆ ಇರಬೇಕಾದ್ದಕ್ಕಿಂತ ಐದು ಪಟ್ಟು ಶಕ್ತಿ ನುಗ್ಗುತ್ತದೆ. ಅನ್ನ ಆಗುವ ಮೊದಲು ಕುಕ್ಕರ್ ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಕುಕ್ಕರ್ ಎಳೆಯುವ ಕರೆಂಟು ತಡೆಯುವಂಥದ್ದು ತಾಯಿಯವರ ಅಡುಗೆಮನೆ ಕಟ್ಟೆಯ ಅರ್ಧ ಜಾಗ ತಿನ್ನುತ್ತದೆ. ಪರದೇಶಕ್ಕೆಂದೇ ಮಾಡಿದ 220–230 ವೋಲ್ಟಿನ ಮಾಡೆಲ್‌ಗಳು ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಪೆಟ್ಟಿಗೆಯ ಮೇಲೆ ವೋಲ್ಟ್ ಓದದೆ ದುಡ್ಡು ಕೊಡಬೇಡಿ ಅಂತ ಗೆಳೆಯನಿಗೆ ಹೇಳಿ.

ಇದರ ಉಲ್ಟಾ ಕೂಡ ನಿಜ. ನಮ್ಮ ಎಲೆಕ್ಟ್ರಿಕ್ ಕೆಟಲ್ ಅಲ್ಲಿಗೆ ಒಯ್ದರೆ ಐದನೇ ಒಂದು ಭಾಗದಷ್ಟೂ ಶಕ್ತಿ ಸಿಗದು, ಟೀ ನೀರು ಕಾಯುವಷ್ಟರಲ್ಲಿ ಬೆಳಗಾಗುತ್ತದೆ. ಫೋನ್ ಚಾರ್ಜರಿನ ಮೇಲೆ 100–240 ಅಂತ ಇದ್ದರೆ ಚಿಂತೆ ಇಲ್ಲ, ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಸಾಕು.

ಪ್ರಶ್ನೆ: ಭಾರ ಕಡಿಮೆ, ಬೆಲೆ ಕಡಿಮೆ, ಕೊಟ್ಟರೆ ಎಲ್ಲರಿಗೂ ಖುಷಿ ಆಗಬೇಕು. ಅಂಥದ್ದು ಏನು ತರಬಹುದು? ಟ್ಯಾಕ್ಸ್ ವಾಪಸ್ ಕೊಡುತ್ತಾರಂತೆ, ನಿಜವೇ?
— ಓದುಗರೊಬ್ಬರು, ಹರಿಹರ

ಉತ್ತರ: ತೆನುಗುಯಿ. ಸುಮಾರು 35 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ತೆಳ್ಳನೆ ಹತ್ತಿ ಬಟ್ಟೆ. ಅಲೆ, ಮೊಲ, ಚೆರಿ ಹೂವು, ಮೂಲಂಗಿ, ಏನು ಬೇಕಾದರೂ ಅಚ್ಚು ಇರುತ್ತದೆ. ಎರಡು ತುದಿ ಹೊಲಿದಿರುವುದಿಲ್ಲ, ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ನೀರು ನಿಲ್ಲದೆ ಬೇಗ ಒಣಗಲಿ ಅಂತ. ಮೊದಲ ಕೆಲವು ಒಗೆತದಲ್ಲಿ ದಾರ ಬಿಡುತ್ತದೆ, ಕತ್ತರಿಸಿ ಹಾಕಿ, ಎಳೆಯಬೇಡಿ. ಇದನ್ನು ಕಂಡ ನಮ್ಮ ಚಿಕ್ಕಮ್ಮ "ಪಾತ್ರೆ ಒರೆಸೋಕೆ ಚೆನ್ನಾಗಿದೆ" ಅಂದರು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಆದರೆ ಅದೂ ಅದರ ಕೆಲಸವೇ.

ಮಕ್ಕಳಿಗೆ ಪೆನ್ನು, ಸ್ಟಿಕರ್ ಬೇಕಾದರೆ ದೈಸೊ ಅನ್ನುವ ಅಂಗಡಿಗೆ ಹೋಗಿ. ಹೆಚ್ಚಿನ ಸಾಮಾನು 100 ಯೆನ್, ಟ್ಯಾಕ್ಸ್ ಸೇರಿ 110. ಒಂದು ಯೆನ್ ಅಂದರೆ ನಮ್ಮ ಅರ್ಧ ರೂಪಾಯಿಗಿಂತ ಸ್ವಲ್ಪ ಮೇಲೆ. ಅಡುಗೆ ಪ್ರೀತಿಸುವವರಿಗೆ ಚಾಕು. ಕ್ಯೋಟೋದ ನಿಶಿಕಿ ಮಾರ್ಕೆಟ್ಟಿನ ಅರಿತ್ಸುಗು 1560ರಿಂದ ಇರುವ ಅಂಗಡಿ, ಕೊಂಡವರ ಹೆಸರು ಕೊರೆದು ಕೊಡುತ್ತಾರೆ. ಗೆಳತಿ ತನ್ನ ಹೆಸರು ಹಾಕಿಸಿಕೊಂಡಳು, ಈಗ ಸೊಸೆಗೂ ಅದನ್ನು ಮುಟ್ಟಲು ಬಿಡುವುದಿಲ್ಲವಂತೆ. ಚಾಕನ್ನು ಚೆಕ್-ಇನ್ ಸೂಟ್‌ಕೇಸಿನಲ್ಲೇ ಇಡಬೇಕು, ಕೈಚೀಲದಲ್ಲಿ ಅಲ್ಲ.

ಟ್ಯಾಕ್ಸ್ ವಿಷಯ ನಿಜ. ಅಲ್ಲಿನ ಟ್ಯಾಕ್ಸ್ 10 ಶೇಕಡಾ, ಕಟ್ಟಿಸಿಕೊಂಡು ಹೋಗುವ ತಿಂಡಿಗೆ 8. ಟ್ಯಾಕ್ಸ್-ಫ್ರೀ ಬೋರ್ಡ್ ಇರುವ ಒಂದೇ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ನಿಗೆ ಕೊಂಡರೆ ಪ್ರವಾಸಿಗಳಿಗೆ ವಿನಾಯಿತಿ. ಅಸಲಿ ಪಾಸ್‌ಪೋರ್ಟ್ ಬೇಕು, ಫೋಟೋ ನಡೆಯುವುದಿಲ್ಲ. ಅಂಗಡಿಯಲ್ಲೇ ಟ್ಯಾಕ್ಸ್ ಬಿಡುವ ಪದ್ಧತಿ 2026ರ ಅಕ್ಟೋಬರ್ 31ರ ತನಕ. ನವೆಂಬರ್ 1ರಿಂದ ಮೊದಲು ಪೂರ್ತಿ ಕೊಟ್ಟು, ಹೊರಡುವಾಗ ಏರ್‌ಪೋರ್ಟಿನಲ್ಲಿ ಸಾಮಾನು ತಪಾಸಣೆ ಆದ ಮೇಲೆ ವಾಪಸ್ ಪಡೆಯಬೇಕು. ಹಾಗಾಗಿ ಏರ್‌ಪೋರ್ಟಿಗೆ ಬೇಗ ಹೋಗಿ.

ಪ್ರಶ್ನೆ: ಇಬ್ಬರು ಹೋದಾಗ ಖರ್ಚು ಹೇಗೆ ಹಂಚಿಕೊಂಡಿರಿ? ಕೇಳಲು ಸಂಕೋಚ.
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಸಂಕೋಚ ಯಾಕೆ, ದುಡ್ಡಿನ ಮಾತು ಮೊದಲೇ ಆಡಿದರೆ ಸ್ನೇಹ ಉಳಿಯುತ್ತೆ. ಒಂದು ಚಿಕ್ಕ ಪರ್ಸಿಗೆ ಇಬ್ಬರೂ ಸಮ ದುಡ್ಡು ಹಾಕಿದೆವು. ಟೀ, ದೇವಸ್ಥಾನದ ಟಿಕೆಟ್, ಲಾಕರ್ ಎಲ್ಲ ಅದರಿಂದಲೇ. ಊಟದ ಬಿಲ್ ಮಾತ್ರ ಬೇರೆ ಬೇರೆ. ಅವಳ ಮೀನಿನ ತಟ್ಟೆಗಳ ಎತ್ತರ ಒಂದು, ನನ್ನ ಸೌತೆಕಾಯಿಯದು ಇನ್ನೊಂದು, ಅಲ್ವಾ? ಬಿಲ್ಲನ್ನು ಟೇಬಲ್ಲಿನಲ್ಲಲ್ಲ, ಬಾಗಿಲ ಹತ್ತಿರದ ಕೌಂಟರಿನಲ್ಲಿ ಕೊಡುವುದು. "ಬೆತ್ಸು ಬೆತ್ಸು" ಅಂದರೆ ಬಹಳ ಕಡೆ ಇಬ್ಬರಿಗೂ ಬೇರೆ ಮಾಡಿ ಕೊಡುತ್ತಾರೆ. ದುಡ್ಡನ್ನು ಕೈಗೆ ಕೊಡದೆ ಅಲ್ಲಿಟ್ಟಿರುವ ಪುಟ್ಟ ಟ್ರೇಯಲ್ಲಿ ಇಡಿ. ರೈಲಿನ ಸುಯಿಕಾ ಕಾರ್ಡ್ ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಗೇಟು ದಾಟಲು ಆಗುವುದಿಲ್ಲ.

ಪ್ರಶ್ನೆ: ಟಿಪ್ಸ್ ಎಷ್ಟು ಕೊಡಬೇಕು? ಉಳಿದದ್ದನ್ನು ಪಾರ್ಸೆಲ್ ಕೇಳಬಹುದಾ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಟಿಪ್ಸ್ ಕೊಡಬೇಡಿ. ಮೇಜಿನ ಮೇಲೆ ಬಿಟ್ಟರೆ ಮರೆತಿರಿ ಅಂತ ಹಿಂದೆ ಓಡಿ ಬಂದು ಕೊಡುತ್ತಾರೆ. ಇಝಾಕಾಯ ಅನ್ನುವ ಸಂಜೆ ಹೋಟೆಲುಗಳಲ್ಲಿ ಕೇಳದೆಯೇ ಒಂದು ಚಿಕ್ಕ ಬಟ್ಟಲು ತಿಂಡಿ ಇಡುತ್ತಾರೆ, ಅದಕ್ಕೆ ಬಿಲ್ಲಿನಲ್ಲಿ ಮುನ್ನೂರು, ನಾನೂರು ಯೆನ್ ಸೇರಿರುತ್ತದೆ. ಕೂತ ಜಾಗದ ಬಾಡಿಗೆ ಅಂದುಕೊಂಡು ಕೊಟ್ಟುಬಿಡಿ, ವಾದ ಬೇಡ. ಪಾರ್ಸೆಲ್ಲಿಗೆ ಹೆಚ್ಚಿನ ಕಡೆ ಒಪ್ಪುವುದಿಲ್ಲ, ಆಹಾರ ಕೆಟ್ಟರೆ ತಮ್ಮ ತಲೆಗೆ ಬರುತ್ತದೆ ಅನ್ನುವ ಭಯ. ಸ್ವಲ್ಪವೇ ಹೇಳಿ, ಸಾಲದಿದ್ದರೆ ಮತ್ತೆ ಹೇಳಿ. ರೂಮಿಗೆ ಒಯ್ದು ತಿನ್ನುವುದಾದರೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಗೆ ಇಳಿಯಿರಿ. ಮುಚ್ಚುವ ಹೊತ್ತಿಗೆ ಡಬ್ಬಿಗಳ ಮೇಲೆ ಬೆಲೆ ಇಳಿಸಿದ ಸ್ಟಿಕರ್ ಅಂಟಿಸುತ್ತಾ ಬರುತ್ತಾರೆ, ಕೆಲವಕ್ಕೆ ಅರ್ಧಕ್ಕೆ ಅರ್ಧ. ಆ ಸ್ಟಿಕರಿನವನ ಹಿಂದೆ ಮರ್ಯಾದಸ್ಥ ಅಜ್ಜಿಯರು ಸಾಲಾಗಿ ನಡೆಯುತ್ತಿರುತ್ತಾರೆ, ನೀವೂ ಸೇರಿಕೊಳ್ಳಿ.