ಮೆಟ್‌ಫಾರ್ಮಿನ್‌ನಿಂದ ಸಕ್ಕರೆ ಕುಸಿಯುವುದು ಅಪರೂಪ, ಗ್ಲಿಮೆಪಿರೈಡ್‌ನಿಂದ ಮಾತ್ರ ಯಾಕೆ ಕುಸಿಯುತ್ತದೆ?

ಎರಡೂ ಮಧುಮೇಹದ ಮಾತ್ರೆಗಳೇ, ಎರಡೂ ರಕ್ತದ ಸಕ್ಕರೆ ಇಳಿಸುತ್ತವೆ, ದಾರಿ ಮಾತ್ರ ಬೇರೆ ಬೇರೆ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶದೊಳಗೆ ಗ್ಲೂಕೋಸ್ ಹೋದಾಗ ಅಲ್ಲಿ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಹೆಚ್ಚುತ್ತದೆ. ಆಗ ಕೋಶದ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ಹೊರಬೀಳುತ್ತದೆ. ಸಕ್ಕರೆ ಇಳಿದರೆ ಇದೆಲ್ಲ ತಾನಾಗಿಯೇ ತಗ್ಗುತ್ತದೆ. ಗ್ಲಿಮೆಪಿರೈಡ್ ಆ ಬಾಗಿಲನ್ನು ನೇರವಾಗಿ ಮುಚ್ಚಿಬಿಡುತ್ತದೆ. ಸಕ್ಕರೆ ಎಷ್ಟಿದೆ ಅಂತ ಕಾಯುವುದೇ ಇಲ್ಲ! ಮಾತ್ರೆ ನುಂಗಿ ಊಟ ಬಿಟ್ಟರೂ ಇನ್ಸುಲಿನ್ ಬರುತ್ತಲೇ ಇರುತ್ತದೆ. ಸಕ್ಕರೆ 70 mg/dLಗಿಂತ ಕೆಳಗಿಳಿದರೆ ನಡುಕ, ಬೆವರು ಶುರುವಾಗಬಹುದು.

ಮೆಟ್‌ಫಾರ್ಮಿನ್ ಬೀಟಾ ಕೋಶದ ತಂಟೆಗೆ ಹೋಗುವುದಿಲ್ಲ ಅನ್ನಬಹುದು. ಲಿವರ್ ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುವುದೇ ಅದರ ಮುಖ್ಯ ಕೆಲಸ. ಇನ್ನೊಂದು ಮಧುಮೇಹದ ಮಾತ್ರೆ ಸಿಟಾಗ್ಲಿಪ್ಟಿನ್ ಇನ್ಸುಲಿನ್ ಹೆಚ್ಚಿಸುತ್ತದೆ ನಿಜ, ಆದರೆ ಸಕ್ಕರೆ ಜಾಸ್ತಿ ಇದ್ದಾಗಲೇ. ಮತ್ತೊಂದು ಮಾತ್ರೆ ಡಪಾಗ್ಲಿಫ್ಲೋಜಿನ್ ಅಂತೂ ಸಕ್ಕರೆಯನ್ನು ಮೂತ್ರದಲ್ಲೇ ಹೊರಗೆ ಕಳಿಸುತ್ತದೆ.