ಬಾಡಿಗೆ ಮನೆಯನ್ನು ಸ್ನೇಹಿತನಿಗೆ ಬಿಟ್ಟುಕೊಡಬಹುದೇ?

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಕೆಲಸದ ಮೇಲೆ ಆರು ತಿಂಗಳು ಪುಣೆಗೆ ಹೋಗಬೇಕು. ಅಷ್ಟು ದಿನ ಸ್ನೇಹಿತನಿಗೆ ಒಳಬಾಡಿಗೆ ಕೊಡಬಹುದೇ? ಅವನು ಬಾಡಿಗೆ ಕಟ್ಟದಿದ್ದರೆ ಹೊಣೆ ಯಾರದು?

ಉತ್ತರ: ಮೊದಲು ನಿಮ್ಮ ಕರಾರುಪತ್ರ ತೆಗೆದು ಓದಿ. 'ಒಳಬಾಡಿಗೆ ಕೊಡತಕ್ಕದ್ದಲ್ಲ' ಎಂಬ ಷರತ್ತು ಬಹುತೇಕ ಕರಾರುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಮುರಿದರೆ ಮನೆ ಖಾಲಿ ಮಾಡಿಸಲು ಮಾಲೀಕರಿಗೆ ನೀವೇ ಕಾರಣ ಕೊಟ್ಟಂತೆ. ಮಾಲೀಕರು ಫೋನಿನಲ್ಲಿ 'ಆಯ್ತು, ಇರಲಿ ಬಿಡಿ' ಎಂದರೆ ಸಾಲದು. ಸ್ನೇಹಿತನ ಹೆಸರು, ಅವಧಿ ನಮೂದಿಸಿದ ಒಪ್ಪಿಗೆ ಪತ್ರಕ್ಕೆ ಅವರಿಂದ ಸಹಿ ಹಾಕಿಸಿಕೊಳ್ಳಿ.

ಒಪ್ಪಿಗೆ ಸಿಕ್ಕರೂ ನಿಮ್ಮ ಹೊಣೆ ತಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಒಳಬಾಡಿಗೆ ಕೊಟ್ಟ ಮಾತ್ರಕ್ಕೆ ಮೂಲ ಬಾಡಿಗೆದಾರ ಬಿಡುಗಡೆಯಾಗುವುದಿಲ್ಲ. ಸ್ನೇಹಿತ ಬಾಕಿ ಉಳಿಸಿದರೆ, ಸಿಂಕ್ ಒಡೆದರೆ ಮಾಲೀಕರು ಮುರಿದುಕೊಳ್ಳುವುದು ನಿಮ್ಮ ಅಡ್ವಾನ್ಸಿನಲ್ಲೇ. ಆದ್ದರಿಂದ ಅವನಿಂದಲೂ ಅಡ್ವಾನ್ಸ್ ಪಡೆದು ಪ್ರತ್ಯೇಕ ಕರಾರು ಮಾಡಿಕೊಳ್ಳಿ. ಅದರ ಅವಧಿ ನಿಮ್ಮ ಕರಾರಿನ ಅವಧಿ ಮೀರದಿರಲಿ. ಬೀಗದ ಕೈ ಕೊಡುವ ದಿನವೇ ವಿದ್ಯುತ್ ಮೀಟರಿನ, ಗೋಡೆಗಳ ಫೋಟೊ ತೆಗೆದಿಡಿ.