ಎರೆ ಮಣ್ಣಿನ ಕೆಳಗಿಂದ ಸಿಗ್ನಲ್ ಬರುವುದಿಲ್ಲ

ಪ್ರಶ್ನೆ: ನಮ್ಮ ಬಡಾವಣೆಯ ನೀರಿನ ಪೈಪ್ ಎಲ್ಲೋ ಸೋರುತ್ತಿದೆ. ಒಳಗೆ ವೈರ್‌ಲೆಸ್ ಸೆನ್ಸರ್ ಬಾಲ್ ಬಿಟ್ಟರೆ ಸೋರುವ ಜಾಗ ಮೊಬೈಲ್‌ನಲ್ಲಿ ಲೈವ್ ಆಗಿ ಕಾಣುತ್ತದೆ ಎಂದು ಒಬ್ಬರು ಮನೆಮನೆಗೆ ಬಂದು ಹಣ ಕೇಳುತ್ತಿದ್ದಾರೆ. ಕೊಡಬಹುದೇ? (ಕಲಬುರಗಿ)

ಉತ್ತರ: ಕೊಡಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ಬಾಲ್ ನಿಜ, ‘ಲೈವ್’ ಸುಳ್ಳು. ನೀರು ರೇಡಿಯೊ ಅಲೆಯನ್ನು ನುಂಗಿಬಿಡುತ್ತದೆ. ವೈಫೈ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆ ನೀರೊಳಗೆ ಒಂದು ಮೊಳ ದಾಟುವುದೂ ಕಷ್ಟ. ಅದರ ಮೇಲೆ ನಮ್ಮ ಎರೆ ಮಣ್ಣು ಬೇರೆ. ನೆನೆದ ಎರೆ ಮಣ್ಣೂ ಅಲೆಯನ್ನು ಹೀರುತ್ತದೆ. ಪೈಪ್ ಕಬ್ಬಿಣದ್ದಾದರೆ ಕೇಳುವುದೇ ಬೇಡ. ಜಿಪಿಎಸ್ ಅಂತೂ ನೆಲದ ಕೆಳಗೆ ಸಿಗುವುದಿಲ್ಲ.

ಬಾಲ್ ಮಾಡುವ ಕೆಲಸ ಬೇರೆ. ತೂತಿನಿಂದ ನೀರು ಚಿಮ್ಮುವಾಗ ‘ಸುಯ್’ ಎಂಬ ಸದ್ದಾಗುತ್ತದೆ. ಬಾಲ್ ನೀರಿನ ಜೊತೆ ಉರುಳುತ್ತಾ ಆ ಸದ್ದನ್ನು ತನ್ನ ಮೆಮೊರಿಯಲ್ಲಿ ತುಂಬಿಕೊಳ್ಳುತ್ತದೆ. ಅದು ಯಾವ ವಾಲ್ವ್ ಅನ್ನು ಎಷ್ಟು ಹೊತ್ತಿಗೆ ದಾಟಿತು ಎಂದು ಪೈಪಿನ ಮೇಲೆ ಕೂರಿಸಿದ ರಿಸೀವರ್‌ಗಳು ರೇಡಿಯೊದಿಂದಲ್ಲ, ಬಾಲ್ ಹೊರಡಿಸುವ ಸದ್ದಿನಿಂದ ಗುರುತಿಸುತ್ತವೆ. ಕೊನೆಯಲ್ಲಿ ಬಲೆ ಹಾಕಿ ಹಿಡಿದು, ಹೊರಗೆ ತೆಗೆದ ಮೇಲೆಯೇ ಲೆಕ್ಕ. ಇದಕ್ಕೆ ದೊಡ್ಡ ಮುಖ್ಯ ಕೊಳವೆ ಬೇಕು, ನಿಲ್ಲದೆ ಹರಿಯುವ ನೀರು ಬೇಕು. ನಿಮ್ಮ ಓಣಿಯಲ್ಲಿರುವುದು ಸಣ್ಣ ಪೈಪ್, ಹತ್ತಾರು ಕವಲು, ಯಾವಾಗಲೋ ಒಂದೆರಡು ತಾಸು ಬರುವ ನೀರು. ಬಾಲ್ ಸಿಕ್ಕಿಕೊಂಡರೆ ರಸ್ತೆಯನ್ನೇ ಅಗೆಯಬೇಕಾಗುತ್ತದೆ, ಅಲ್ವಾ?

ನಿಮಗೆ ಸಾಕಾಗುವುದು ವಾಲ್ವ್ ಚೇಂಬರ್‌ನಲ್ಲಿ ಕೂರಿಸುವ, ನೀರಿನ ಒತ್ತಡವನ್ನು ಬರೆದಿಟ್ಟುಕೊಳ್ಳುವ ಪ್ರೆಶರ್ ಲಾಗರ್, ಜೊತೆಗೆ ರಾತ್ರಿ ಊರು ಮಲಗಿದ ಮೇಲೆ ಪೈಪಿಗೆ ಕಡ್ಡಿ ತಾಗಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಸದ್ದು ಕೇಳುವ ಒಬ್ಬ ಅನುಭವಸ್ಥ. ಮೊದಲು ಜಾಯಿಂಟ್‌ಗಳನ್ನು ನೋಡಲಿ. ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಈ ಎಳೆದಾಟದಲ್ಲಿ ಬಿಟ್ಟುಕೊಳ್ಳುವುದು ಜಾಯಿಂಟೇ. ಪ್ಲಾಸ್ಟಿಕ್ ಪೈಪಿನಲ್ಲಿ ಸದ್ದು ದೂರ ಹೋಗುವುದಿಲ್ಲ, ಹತ್ತಿರ ಹತ್ತಿರ ಕಿವಿಗೊಡಬೇಕು.

ಸಣ್ಣ ಸೋರಿಕೆ ಎಂದು ಸುಮ್ನೆ ಬಿಡಬೇಡಿ. ನೀರು ನಿಂತು ಪೈಪ್ ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ. ಆಗ ಅದೇ ತೂತು ಪಕ್ಕದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನನಗೆ ಜಾಸ್ತಿ ಭಯ ಇದರದ್ದೇ. ರಿಪೇರಿ ಆಗುವವರೆಗೆ ಮೊದಲು ಬರುವ ನೀರನ್ನು ಕುಡಿಯಲು ಹಿಡಿಯಬೇಡಿ, ಉಳಿದದ್ದನ್ನೂ ಕುದಿಸಿ ಕುಡಿಯಿರಿ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರೆ ಸೋರಿಕೆ ಗೊತ್ತಾಗುತ್ತದೆಯೇ? (ಬೀದರ್)

ಉತ್ತರ: ಇಲ್ಲ.

ಪ್ರಶ್ನೆ: ಮ್ಯಾನ್‌ಹೋಲ್ ಒಳಗೆ ಮೊದಲು ಬೆಂಕಿಕಡ್ಡಿ ಗೀರಿ ನೋಡುತ್ತಿದ್ದೆವು. ಈಗ ಗ್ಯಾಸ್ ಸೆನ್ಸರ್ ಇಳಿಬಿಟ್ಟೆವು, ಸೊನ್ನೆ ತೋರಿಸಿತು. ಆಳು ಇಳಿಸಬಹುದೇ? (ಯಾದಗಿರಿ)

ಉತ್ತರ: ಬೇಡವೇ ಬೇಡ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಆ ಕಡ್ಡಿಯೇ ಸ್ಫೋಟ ಮಾಡಿಸುತ್ತದೆ. ಸೆನ್ಸರ್ ಹೇಳಿದ ಸೊನ್ನೆ ಆ ಕ್ಷಣದ್ದು, ಆ ಆಳದ್ದು ಮಾತ್ರ. ಹೂಳು ಕದಡಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆಯ ವಿಷಗ್ಯಾಸ್ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ ನೂರು ಪಾಲು) ಮುಟ್ಟಿದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಎಂದು ಇಳಿದವರು ಮೇಲೆ ಬಂದಿಲ್ಲ. ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅಪರಾಧವೂ ಹೌದು. ನಗರಸಭೆಗೆ ಫೋನ್ ಮಾಡಿ ಜೋರಾಗಿ ನೀರು ಚಿಮ್ಮಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಯಂತ್ರ ಕರೆಸಿ. ಬರುವುದು ತಡವಾದರೆ ಚರಂಡಿ ಇನ್ನೆರಡು ದಿನ ಉಕ್ಕಲಿ, ಆಳು ಮಾತ್ರ ಇಳಿಯುವುದು ಬೇಡ.